ಹೇಳುವುದು, ಬಣ್ಣಿಸುವುದು

ಕೆಲವು ವರ್ಷಗಳ ಹಿಂದೆ ಒಂದು ಸಂದರ್ಶನ ಸಮಿತಿಯಲ್ಲಿ ಕೂತಿದ್ದೆ. ಜನಪದ ಹಾಡುಗಳನ್ನು ದಾಖಲಿಸುವ ಸಣ್ಣದೊಂದು ಯೋಜನೆಗೆ ಊರೂರು ಸುತ್ತುವ ಒಬ್ಬ ಸಹಾಯಕರು ಬೇಕಾಗಿದ್ದರು. ಕೊನೆಗೆ ಉಳಿದವರು ಇಬ್ಬರು. ಮೊದಲು ಬಂದ ಹುಡುಗ ಕುರ್ಚಿಯಲ್ಲಿ ಕೂರುತ್ತಲೇ ತಾನು ಬಹುಮುಖ ಪ್ರತಿಭೆಯೆಂದೂ, ಜನಪದವೆಂದರೆ ತನ್ನ ಉಸಿರೆಂದೂ, ಅವಕಾಶ ಕೊಟ್ಟರೆ ಈ ಕ್ಷೇತ್ರಕ್ಕೆ ಹೊಸ ದಿಕ್ಕು ತೋರಿಸುವೆನೆಂದೂ ಹೇಳಿದ. ಆಮೇಲೆ ಬಂದ ಹುಡುಗಿಯನ್ನು ‘ಏನಮ್ಮಾ, ಇಲ್ಲಿಯವರೆಗೆ ಏನು ಕೆಲಸ ಮಾಡಿದ್ದೀರಿ?’ ಎಂದು ಕೇಳಿದೆವು. ಆಕೆ ದುಪಟ್ಟಾದ ತುದಿ ನೋಡುತ್ತಾ, ‘ಅಂಥದ್ದೇನಿಲ್ಲ ಸರ್, ನಮ್ಮಜ್ಜಿ ಊರಲ್ಲಿ ಒಂದಷ್ಟು ಹಾಡು ಸಂಗ್ರಹ ಆಗಿದೆ’ ಎಂದಳು. ನಾವು ತಲೆಯಾಡಿಸಿದೆವು. ಕೆಲಸ ಹುಡುಗನಿಗೆ ಹೋಯಿತು. ಅಂಕದ ಹಾಳೆಗೆ ನಾನೂ ಸಹಿ ಹಾಕಿದೆ.

ಸಂಜೆ ಕಡತ ಕಟ್ಟುವಾಗ ಆಕೆಯ ಅರ್ಜಿಯ ಕೊನೆಗೆ ಪಿನ್ನು ಹಾಕಿ ಸೇರಿಸಿದ್ದ ಜೆರಾಕ್ಸ್ ಹಾಳೆಗಳು ಕಣ್ಣಿಗೆ ಬಿದ್ದವು. ಬೀಸುವ ಪದ, ಸೋಬಾನೆ ಪದ, ಹಸೆಗೆ ಕರೆಯುವ ಹಾಡು. ಪ್ರತಿಯೊಂದರ ಮೇಲೂ ಹಾಡಿದವರ ಹೆಸರು, ವಯಸ್ಸು, ಹಾಡಿದ ದಿನ. ಒಂದೇ ಹಾಡಿನ ಮೂರು ಪಾಠಗಳನ್ನು ಪಕ್ಕಪಕ್ಕದಲ್ಲಿ ಬರೆದು, ಯಾವ ಮನೆಯಲ್ಲಿ ಯಾವ ಸಾಲು ಬಿಟ್ಟುಹೋಗಿದೆ ಎಂದು ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದಳು. ನಮ್ಮ ಯೋಜನೆ ಎರಡು ವರ್ಷದಲ್ಲಿ ಮಾಡಬೇಕೆಂದಿದ್ದ ಕೆಲಸದ ಒಂದು ಮಾದರಿ ಆಗಲೇ ಆ ಹಾಳೆಗಳಲ್ಲಿತ್ತು.

ಆಯ್ಕೆಯಾದ ಹುಡುಗ ಕೆಲಸ ಚೆನ್ನಾಗಿಯೇ ಮಾಡಿರಬಹುದು. ನನ್ನನ್ನು ಕಾಡಿದ್ದು ಆಕೆಯ ವಾಕ್ಯ. ‘ಸಂಗ್ರಹ ಆಗಿದೆ.’ ಹಾಡುಗಳು ತಾವಾಗಿಯೇ ನಡೆದುಕೊಂಡು ಬಂದು ಆಕೆಯ ನೋಟ್‌ಬುಕ್ಕಿನಲ್ಲಿ ಕೂತುಕೊಂಡವು ಎನ್ನುವ ಹಾಗೆ. ಮಾಡಿದವಳೇ ಆ ವಾಕ್ಯದಲ್ಲಿ ಇರಲಿಲ್ಲ. ಅವಳನ್ನು ಅಲ್ಲಿಂದ ತೆಗೆದವರು ಯಾರು?

ತೆಗೆದದ್ದು ನಾವೇ ಎನ್ನಬೇಕು. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂದು ಒಂದನೇ ತರಗತಿಯಿಂದ ಕಲಿಸುತ್ತೇವೆ. ಆತ್ಮಸ್ತುತಿ ಪರನಿಂದೆ ಎರಡೂ ಪಾಪ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಬಸವಣ್ಣನವರ ಏಳು ಬೇಡಗಳ ವಚನ ನಮಗೆಲ್ಲ ಬಾಯಿಪಾಠ. ಕಳ್ಳತನ, ಕೊಲೆ, ಸುಳ್ಳುಗಳ ಸಾಲಿನಲ್ಲೇ ತನ್ನನ್ನು ತಾನು ಹೊಗಳಿಕೊಳ್ಳುವುದೂ ಅಲ್ಲಿ ನಿಷಿದ್ಧ. ಆದರೆ ಆ ವಚನದಲ್ಲಿ ಬಳಕೆಯಾಗಿರುವ ಕ್ರಿಯಾಪದವನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಅದು ‘ಹೇಳು’ ಅಲ್ಲ, ‘ಬಣ್ಣಿಸು’. ವರ್ಣಿಸು ಎಂಬುದರ ತದ್ಭವ. ಬಣ್ಣದ ಬಳಗಕ್ಕೆ ಸೇರಿದ್ದು. ಇದ್ದುದಕ್ಕೆ ಬಣ್ಣ ಬಳಿಯಬಾರದು ಎಂದರೆ ಇದ್ದುದನ್ನು ಬಾಯಿಬಿಟ್ಟು ಹೇಳಬಾರದು ಎಂದು ಅರ್ಥವಲ್ಲ. ಬಣ್ಣಿಸುವುದನ್ನು ಬಿಡಿ ಎಂದ ಮಾತನ್ನು ನಾವು ಹೇಳುವುದನ್ನೇ ಬಿಡಿ ಎಂದು ಓದಿಕೊಂಡೆವೇನೋ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ನೀತಿಪಾಠದಲ್ಲಿ ಹುಡುಕುವ ಬದಲು ನಮ್ಮ ಸಾಹಿತ್ಯದಲ್ಲೇ ಹುಡುಕೋಣ ಅನ್ನಿಸಿತು. ಏಕೆಂದರೆ ಕನ್ನಡದ ಮೊದಲ ದೊಡ್ಡ ಕವಿಗಳು ತಮ್ಮ ಕೆಲಸದ ಬಗ್ಗೆ ಮಾತಾಡಲು ಎಂದೂ ನಾಚಿದವರಲ್ಲ.

ಪಂಪನನ್ನೇ ನೋಡಿ. ‘ವಿಕ್ರಮಾರ್ಜುನ ವಿಜಯ’ದಲ್ಲಿ ವ್ಯಾಸರ ಎದುರು ನಿಂತಾಗ ಅವನು ಹೇಳುವುದಿಷ್ಟು: ಆ ಮುನಿಯ ಮಾತಿನ ಸಮುದ್ರವನ್ನು ಈಜಲು ಹೊರಟಿದ್ದೇನೆ, ಆದರೆ ನಾನೇ ವ್ಯಾಸನೆಂಬ ಗರ್ವ ನನಗಿಲ್ಲ. ಅದೇ ಪಂಪ ಅದೇ ಕಾವ್ಯದಲ್ಲಿ, ಆದಿಪುರಾಣವನ್ನು ಮೂರು ತಿಂಗಳಲ್ಲಿ, ಈ ಭಾರತವನ್ನು ಆರು ತಿಂಗಳಲ್ಲಿ ಮುಗಿಸಿದ್ದನ್ನು ಲೆಕ್ಕ ಕೊಟ್ಟು ಹೇಳುತ್ತಾನೆ. ಒಂದರಲ್ಲಿ ಲೌಕಿಕವನ್ನೂ ಇನ್ನೊಂದರಲ್ಲಿ ಜಿನಾಗಮವನ್ನೂ ಬೆಳಗುತ್ತೇನೆಂದು ಕೆಲಸ ಹಂಚಿಕೊಂಡದ್ದನ್ನು ತಿಳಿಸುತ್ತಾನೆ. ಈ ಎರಡು ಕೃತಿಗಳು ತನಗಿಂತ ಹಿಂದಿನ ಕಾವ್ಯಗಳನ್ನೆಲ್ಲ ಮೆಟ್ಟಿ ನಿಂತವು ಎನ್ನಲೂ ಹಿಂಜರಿಯುವುದಿಲ್ಲ.

ತರಗತಿಯಲ್ಲಿ ಇದನ್ನು ಪಾಠ ಮಾಡುವಾಗ ವಿದ್ಯಾರ್ಥಿಗಳು ನಗುತ್ತಾರೆ. ‘ಸರ್, ಒಂದು ಕಡೆ ಗರ್ವ ಇಲ್ಲ ಅಂತಾನೆ, ಇನ್ನೊಂದು ಕಡೆ ಇದು!’ ಆದರೆ ಇಲ್ಲಿ ವಿರೋಧವಿಲ್ಲ. ವ್ಯಾಸರ ಎದುರು ಪಂಪ ತನ್ನನ್ನು ಅಳೆದುಕೊಳ್ಳುವ ಕೋಲು ಬೇರೆ, ಕನ್ನಡದ ಹಿಂದಿನ ಕವಿಗಳ ಎದುರು ಹಿಡಿಯುವ ಕೋಲು ಬೇರೆ. ಯಾರ ಮುಂದೆ ತಾನು ಚಿಕ್ಕವನು, ಯಾರ ಮುಂದೆ ಅಲ್ಲ ಎಂಬುದು ಅವನಿಗೆ ಗೊತ್ತು. ವಿನಯವನ್ನು ಅವನು ಎಲ್ಲರಿಗೂ ಸಮನಾಗಿ ಹಂಚುವುದಿಲ್ಲ. ಸಲ್ಲಬೇಕಾದ ಕಡೆ ಸಲ್ಲಿಸುತ್ತಾನೆ. ಎಲ್ಲರ ಮುಂದೆಯೂ ‘ನಾನೇನೂ ಅಲ್ಲ’ ಎನ್ನುವವನ ವಿನಯಕ್ಕೆ ಬೆಲೆ ಕಡಿಮೆ, ಏಕೆಂದರೆ ಅದರಲ್ಲಿ ವಿವೇಚನೆ ಇಲ್ಲ. ಇನ್ನೊಂದು ಸಂಗತಿ: ಮೂರು ತಿಂಗಳು, ಆರು ತಿಂಗಳು ಎಂಬುದು ಹೊಗಳಿಕೆಯ ಮಾತಲ್ಲ, ಸಂಗತಿ. ಆಶ್ಚರ್ಯಪಡುವ ಕೆಲಸವನ್ನು ಪಂಪ ನಮಗೆ ಬಿಟ್ಟಿದ್ದಾನೆ. ‘ಮೆಟ್ಟಿ ನಿಂತವು’ ಎನ್ನುವಾಗ ಮಾತ್ರ ಆ ಕೆಲಸವನ್ನೂ ತಾನೇ ಮಾಡಿಬಿಡುತ್ತಾನೆ. ಒಂದೇ ಕವಿಯಲ್ಲಿ ಹೇಳುವುದೂ ಇದೆ, ಬಣ್ಣಿಸುವುದೂ ಇದೆ. ಓದುವವರಿಗೆ ಎರಡೂ ಬೇರೆಬೇರೆಯಾಗಿ ಕೇಳಿಸುತ್ತವೆ.

ರನ್ನನ ದನಿ ಇನ್ನೂ ಎತ್ತರದ್ದು. ವಾಗ್ದೇವಿಯ ಭಂಡಾರಕ್ಕೆ ಹಾಕಿದ್ದ ಮುದ್ರೆಯನ್ನು ತಾನು ಒಡೆದೆನೆನ್ನುತ್ತಾನೆ. ಸರ್ಪದ ಹೆಡೆಯ ಮೇಲಿನ ರತ್ನವನ್ನೂ ತನ್ನ ಕೃತಿಯನ್ನೂ ಪರೀಕ್ಷೆ ಮಾಡಲು ಬರುವವನಿಗೆ ಎಂಟು ಎದೆ ಇರಬೇಕೆಂಬ ಅರ್ಥದ ಸವಾಲು ಹಾಕುತ್ತಾನೆ. ಈ ಎರಡನ್ನೂ ನಾವು ಒಂದೇ ಮಾದರಿಯ ಆತ್ಮಪ್ರಶಂಸೆಯೆಂದು ಪಟ್ಟಿ ಮಾಡುತ್ತೇವೆ. ನನಗೆ ಅವು ಒಂದೇ ಅನ್ನಿಸುವುದಿಲ್ಲ. ಮೊದಲನೆಯದರಲ್ಲಿ ಒಂದು ಕೆಲಸ ಇದೆ: ಮುಚ್ಚಿದ್ದನ್ನು ತೆರೆದದ್ದು. ‘ಗದಾಯುದ್ಧ’ವನ್ನು ಓದಿದವರು ಆ ಮಾತನ್ನು ಕೃತಿಯ ಪಕ್ಕದಲ್ಲಿಟ್ಟು ನೋಡಬಹುದು, ಒಪ್ಪಬಹುದು, ಬಿಡಬಹುದು. ಎರಡನೆಯದು ಕೃತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದು ಓದುಗನ ಕಡೆ ತಿರುಗಿ ಅವನ ಎದೆಯನ್ನು ಅಳೆಯುತ್ತದೆ. ಮೆಚ್ಚದವನು ಹೇಡಿ ಎಂದಾದ ಮೇಲೆ ಮೆಚ್ಚುಗೆಗೆ ಅರ್ಥವೇ ಉಳಿಯುವುದಿಲ್ಲ. ಆತ್ಮವಿಶ್ವಾಸ ಜಂಬವಾಗುವುದು ಬಹುಶಃ ಇದೇ ತಿರುವಿನಲ್ಲಿ, ಮಾತು ಮಾಡಿದ ಕೆಲಸವನ್ನು ಬಿಟ್ಟು ಕೇಳುವವನನ್ನು ತಗ್ಗಿಸಲು ಹೊರಡುವಲ್ಲಿ.

ಇಷ್ಟು ಹೇಳಿದ ಮೇಲೂ ರನ್ನನ ಮೇಲೆ ತೀರ್ಪು ಕೊಡಲು ನನಗೆ ಕೈ ಬರುವುದಿಲ್ಲ. ತಾನು ಮುದುವೊಳಲಿನವನು, ಬಳೆಗಾರರ ಕುಲದವನು ಎಂದು ಹೇಳಿಕೊಂಡವನೂ ಅವನೇ. ಅದನ್ನು ಮುಚ್ಚಿಡಲಿಲ್ಲ. ಬಳೆಯ ಮಲಾರ ಹೊತ್ತವರ ಮನೆಯಿಂದ ಚಾಳುಕ್ಯ ಚಕ್ರವರ್ತಿ ತೈಲಪನ ಆಸ್ಥಾನಕ್ಕೆ ಬಂದು ಕವಿಚಕ್ರವರ್ತಿ ಎನ್ನಿಸಿಕೊಂಡವನು ಎಷ್ಟು ಹುಬ್ಬುಗಳು ಮೇಲೇರಿದ್ದನ್ನು ನೋಡಿರಬೇಕು! ಹುಟ್ಟಿನಿಂದಲೇ ಆಸನ ಇದ್ದವನು ಮೆಲ್ಲಗೆ ಮಾತಾಡಬಹುದು. ಆಸನ ಗಿಟ್ಟಿಸಿಕೊಂಡವನ ದನಿ ಒಂದು ಸುತ್ತು ಎತ್ತರವಿದ್ದರೆ ಅದಕ್ಕೂ ಒಂದು ಚರಿತ್ರೆ ಇರುತ್ತದೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಕುಮಾರವ್ಯಾಸನಲ್ಲಿ ಈ ಸಮಸ್ಯೆ ಬೇರೆ ರೀತಿ ಬಗೆಹರಿದಿದೆ. ಗದುಗಿನ ವೀರನಾರಾಯಣನೇ ಕವಿ, ತಾನು ಬರೀ ಲಿಪಿಕಾರ ಎಂದು ಅವನು ಹೇಳಿದ್ದನ್ನು ವಿನಯದ ಪರಾಕಾಷ್ಠೆ ಎಂದು ಉದಾಹರಿಸುವವರು ಬಹಳ. ಅದೇ ಪೀಠಿಕೆಯಲ್ಲಿ ಅವನು ತನ್ನ ಅಗ್ಗಳಿಕೆಗಳನ್ನು ಒಂದೊಂದಾಗಿ ಎಣಿಸುವುದನ್ನು ಮರೆತುಬಿಡುತ್ತೇವೆ. ಏನು ಆ ಅಗ್ಗಳಿಕೆಗಳು? ಹಲಗೆ ಬಳಪ ಹಿಡಿದು ಮೊದಲು ಕರಡು ಮಾಡಿಕೊಳ್ಳದೆ ಬರೆಯುವುದು. ಒಮ್ಮೆ ಇಟ್ಟ ಪದವನ್ನು ಅಳಿಸದಿರುವುದು. ಇನ್ನೊಬ್ಬರ ರೀತಿಯನ್ನು ಎರವಲು ತರದಿರುವುದು. ಓಲೆಯ ಮೇಲೆ ಕಂಠದ ಸದ್ದು ನಿಲ್ಲದ ಹಾಗೆ ಬರೆಯುತ್ತ ಹೋಗುವುದು.

ನಾಲ್ಕೂ ಕಸುಬಿನ ಮಾತುಗಳು. ‘ನಾನು ಶ್ರೇಷ್ಠ’ ಎಂಬ ವಿಶೇಷಣ ಎಲ್ಲೂ ಇಲ್ಲ. ಕೈ ಹೇಗೆ ಕೆಲಸ ಮಾಡುತ್ತದೆ ಎಂಬ ವಿವರ ಇದೆ. ಬಡಗಿಯೊಬ್ಬ ‘ನಾನು ಮೊಳೆ ಹೊಡೆಯದೆ ಬಾಗಿಲು ಕೂಡಿಸುತ್ತೇನೆ’ ಎಂದರೆ ಅದು ಜಂಬವೇ? ಹೋಗಿ ಬಾಗಿಲು ನೋಡಿದರಾಯಿತು. ಲಿಪಿಕಾರ ಎಂಬ ಮಾತೂ ಈ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ಕಾವ್ಯದ ಹಿರಿಮೆಯನ್ನು ದೈವಕ್ಕೆ ಕೊಟ್ಟವನು ಬರವಣಿಗೆಯ ದುಡಿಮೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಬಂದದ್ದು ಎಲ್ಲಿಂದಲೋ, ಆದರೆ ಬರೆದ ಕೈ ತನ್ನದು. ಇದರಷ್ಟು ಖಚಿತವಾದ ವಿಂಗಡಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೊಯ್ಸಳ ದೇವಾಲಯಗಳ ರೂವಾರಿಗಳು ಇದನ್ನು ಕಲ್ಲಿನಲ್ಲೇ ಮಾಡಿದ್ದರು. ಬೇಲೂರಿನ ವಿಗ್ರಹಗಳ ಬುಡದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. 13ನೇ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಹತ್ತಾರು ಮೂರ್ತಿಗಳ ಕೆಳಗಿದೆ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ಬರೀ ಮೊದಲ ಅಕ್ಷರ. ಗುಡಿ ಕಟ್ಟಿಸಿದವರ ಶಾಸನ ಬೇರೆ ನಿಂತಿರುತ್ತದೆ. ಕೆತ್ತಿದವನ ಹೆಸರು ಮಾತ್ರ ಕೆತ್ತಿದ್ದರ ಕೆಳಗೇ ಇದೆ. ಮೂರ್ತಿಯನ್ನು ನೋಡದೆ ಹೆಸರನ್ನು ಓದಲು ಸಾಧ್ಯವಿಲ್ಲದ ಜಾಗ ಅದು. ತನ್ನ ಬಗ್ಗೆ ಮಾತಾಡಲು ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಹಳಗನ್ನಡದ ಕವಿಗೆ ಇನ್ನೊಂದು ಅನುಕೂಲವಿತ್ತು. ಕಾವ್ಯಕ್ಕೊಂದು ಪೀಠಿಕೆ ಇತ್ತು. ದೇವರನ್ನು ನೆನೆಯಲು, ಹಿಂದಿನ ಕವಿಗಳನ್ನು ಸ್ಮರಿಸಲು, ಕುಕವಿಗಳನ್ನು ಬೈಯಲು, ತನ್ನ ಬಗ್ಗೆ ಹೇಳಿಕೊಳ್ಳಲು ಅಲ್ಲಿ ಗೊತ್ತುಮಾಡಿದ ಸ್ಥಳಗಳಿದ್ದವು. ಮದುವೆ ಮನೆಯಲ್ಲಿ ಬೀಗರು ಬೈದುಕೊಂಡು ಹಾಡಿದರೆ ಯಾರೂ ಮುನಿಸಿಕೊಳ್ಳುವುದಿಲ್ಲವಲ್ಲ, ಹಾಗೆ. ಗದ್ಯ ಬಂತು, ಮುದ್ರಣ ಬಂತು, ಪೀಠಿಕೆ ಹೋಯಿತು. ಹೇಳಿಕೊಳ್ಳುವ ಆಸೆ ಮಾತ್ರ ಹೋಗಲಿಲ್ಲ. ಅದು ಕಳ್ಳದಾರಿ ಹಿಡಿಯಿತು.

ಆ ದಾರಿಗಳಲ್ಲಿ ಬಹಳ ಮೋಜಿನದು ಪುಸ್ತಕದ ಹಿಂಬದಿಯ ಲೇಖಕರ ಪರಿಚಯ. ‘ಇವರು ನಾಡಿನ ಹೆಸರಾಂತ ಕವಿಗಳಲ್ಲೊಬ್ಬರು. ಇವರ ಸಂವೇದನಾಶೀಲ ಬರಹಗಳು ಓದುಗರ ಮನಸೂರೆಗೊಂಡಿವೆ.’ ಬರೆದವರು ಯಾರು? ಬಹಳಷ್ಟು ಸಲ ಆ ‘ಇವರೇ’. ಪ್ರಕಾಶಕರು ಫೋನು ಮಾಡಿ ‘ಒಂದು ಪ್ಯಾರಾ ಕಳಿಸಿಬಿಡಿ’ ಎನ್ನುತ್ತಾರೆ, ನಾನೂ ಕಳಿಸಿದ್ದೇನೆ. ‘ನಾನು’ ಎನ್ನಲು ನಾಚುವ ನಮಗೆ ‘ಇವರು’ ಎಂದು ಬರೆಯುವಾಗ ಕೈ ತಡೆಯುವುದೇ ಇಲ್ಲ. ಎದುರಿಗೆ ನಿಂತು ಎರಡು ಮಾತು ನೇರ ಹೇಳಿಕೊಳ್ಳುವುದು ಅಹಂಕಾರ, ಪರದೆಯ ಹಿಂದೆ ನಿಂತು ಇಪ್ಪತ್ತು ವಿಶೇಷಣ ಕೂಗುವುದು ಸಭ್ಯತೆ! ಅಭಿನಂದನ ಗ್ರಂಥಗಳ ಕೆಲವು ಪುಟಗಳಲ್ಲೂ ಇದೇ ವಾಸನೆ ಬರುತ್ತದೆ.

ಇನ್ನೊಂದು ಕಳ್ಳದಾರಿ ವ್ಯಾಕರಣದ್ದು. ಕನ್ನಡದಲ್ಲಿ ‘ನಾನು’ ಎಂಬ ಪದವನ್ನು ಆಡದೆಯೇ ನಾನು ಎನ್ನಬಹುದು. ‘ಬರೆದೆ’ ಎಂದರೆ ಸಾಕು, ಬರೆದವರು ಯಾರೆಂಬುದು ಕ್ರಿಯಾಪದದ ಬಾಲದಲ್ಲೇ ಇದೆ. ಮುಂದೆ ನಿಂತು ಎದೆ ಸೆಟೆಯುವ ‘ನಾನು’ ಇಲ್ಲ, ಹಾಗೆಂದು ಮಾಡಿದವರು ನಾಪತ್ತೆಯೂ ಆಗಿಲ್ಲ. ಇಷ್ಟು ಒಳ್ಳೆಯ ಸಲಕರಣೆಯನ್ನು ಭಾಷೆ ಕೈಗಿಟ್ಟಿದ್ದರೂ ನಾವು ‘ಬರೆಯಲಾಯಿತು’ ಎಂದು ಕಚೇರಿಯ ಮೊರೆ ಹೋಗುತ್ತೇವೆ. ‘ನನ್ನಿಂದ ಏನೋ ಸ್ವಲ್ಪ ಆಯಿತು’ ಎಂದು ಹಣೆಬರಹದ ಮೊರೆ ಹೋಗುತ್ತೇವೆ. ಆ ಹುಡುಗಿಯ ‘ಆಗಿದೆ’ ಇದೇ ಪರಂಪರೆಯದು. ಮಳೆ ಆಗಿದೆ, ಬೆಳೆ ಆಗಿದೆ, ಸಂಗ್ರಹ ಆಗಿದೆ.

ಆಧುನಿಕ ಗದ್ಯದಲ್ಲಿ ಈ ಬಾಲವನ್ನು ಸರಿಯಾಗಿ ಬಳಸಿದವರು ಯಾರು? ಹೆಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’ ನನಗೆ ಮೊದಲು ನೆನಪಾಗುತ್ತದೆ. ಗೌರಿಬಿದನೂರಿನ ಹತ್ತಿರದ ಹೊಸೂರಿನಿಂದ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದುಕೊಂಡೇ ಬಂದ ಹುಡುಗ ಮುಂದೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಕತೆ. ಬಣ್ಣಿಸಲು ಹೊರಟರೆ ಸಿನಿಮಾಕ್ಕೆ ಸಾಲುವಷ್ಟು ಸರಕು. ನರಸಿಂಹಯ್ಯನವರ ಗದ್ಯ ಆ ಕಡೆ ತಿರುಗಿಯೂ ನೋಡುವುದಿಲ್ಲ. ನಡೆದೆ, ಓದಿದೆ, ಕಲಿಸಿದೆ, ಎದುರಿಸಿದೆ ಎಂಬ ಧಾಟಿಯ ಚಿಕ್ಕ ಚಿಕ್ಕ ಮಾತುಗಳು. ಅವು ಜಂಬದ ಹಾಗೆ ಕೇಳಿಸದಿರಲು ಒಂದು ಕಾರಣ, ಕುಲಪತಿಯಾದದ್ದನ್ನೂ ಬರಿಗಾಲಿನ ದಿನಗಳನ್ನೂ ಅವರು ಒಂದೇ ದನಿಯಲ್ಲಿ ಹೇಳುವುದು. ಏರಿದಾಗ ದನಿ ಏರುವುದಿಲ್ಲ.

ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಬೇರೆ ಬಗೆಯದು. ಕಾದಂಬರಿ, ಯಕ್ಷಗಾನ, ಪುತ್ತೂರಿನ ಬಾಲವನ, ಒಬ್ಬರೇ ಕೂತು ಬರೆದ ಮೂರು ಸಂಪುಟಗಳ ‘ಬಾಲಪ್ರಪಂಚ’. ಇಷ್ಟೆಲ್ಲ ಮಾಡಿದವರು ತಮ್ಮ ಮನಸ್ಸಿಗೆ ಕೊಟ್ಟ ಬಿರುದು ‘ಹುಚ್ಚು’. ಅದು ಮೇಲುಮಾತಿನ ವಿನಯವೇನಲ್ಲ, ಏಕೆಂದರೆ ಪುಸ್ತಕದ ಉದ್ದಕ್ಕೂ ಮುಳುಗಿದ ಕೆಲಸಗಳ ಲೆಕ್ಕವೂ ಇದೆ: ನಡೆಸಲಾಗದೆ ಹೋದ ಪತ್ರಿಕೆ, ಕೈಸುಟ್ಟುಕೊಂಡ ಸಿನಿಮಾ ಸಾಹಸ, ತಲೆಗೆ ಸುತ್ತಿಕೊಂಡ ಸಾಲ. ಸೋತದ್ದನ್ನು ಮುಚ್ಚಿಡದವರು ಗೆದ್ದದ್ದನ್ನು ಹೇಳಿದಾಗ ನಂಬಬೇಕೆನ್ನಿಸುತ್ತದೆ. ಅಂಗಡಿಯವನು ‘ಇದು ಬೇಡ, ಬಣ್ಣ ಹೋಗುತ್ತೆ, ಅದು ತಗೊಳ್ಳಿ’ ಎಂದಾಗ ಆ ಇನ್ನೊಂದು ಸೀರೆಯ ಮೇಲೆ ಬರುವ ನಂಬಿಕೆಯಂಥದು.

ವಿಶ್ವೇಶ್ವರಯ್ಯನವರು 1951ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಇಂಗ್ಲಿಷಿನಲ್ಲಿ ಪ್ರಕಟಿಸಿದ ನೆನಪುಗಳ ಹೆಸರಿನಲ್ಲೇ ‘ದುಡಿಮೆಯ ಬದುಕು’ ಎಂಬ ಗೆರೆ ಎಳೆದಿದ್ದಾರೆ. ಖಡಕ್ವಾಸ್ಲಾದ ಸ್ವಯಂಚಾಲಿತ ಬಾಗಿಲುಗಳು, 1908ರ ಮೂಸಿ ಪ್ರವಾಹದ ನಂತರದ ಹೈದರಾಬಾದು, ಕನ್ನಂಬಾಡಿ. ಆಡಳಿತ ವರದಿಯಂಥ ಗದ್ಯ. ಪ್ರತಿ ಸಾಧನೆಗೂ ಒಂದು ಸಮಸ್ಯೆ, ಒಂದು ಉಪಾಯ, ಒಂದು ಫಲ. ಜಂಬ ನುಸುಳಲು ಸಂದಿಯೇ ಇಲ್ಲ. ಆದರೂ ಆ ಓದಿನ ಕೊನೆಗೆ ಒಂದು ಕೊರತೆ ಉಳಿಯುತ್ತದೆ. ಅಣೆಕಟ್ಟು ಎದ್ದು ನಿಲ್ಲುತ್ತದೆ, ಕಲ್ಲು ಹೊತ್ತವರ ದನಿ ಕೇಳಿಸುವುದಿಲ್ಲ. ಸಂಗತಿಗಳನ್ನು ಮಾತ್ರ ಹೇಳಿದರೆ ಸಾಕು ಎಂಬ ನನ್ನ ವಾದಕ್ಕೆ ಇಲ್ಲಿ ಒಂದು ತಿದ್ದುಪಡಿ ಬೇಕಾಗುತ್ತದೆ. ಯಾವ ಸಂಗತಿಯನ್ನು ಬಿಟ್ಟೆವು ಎಂಬುದೂ ಬಣ್ಣವೇ. ಜೊತೆಗಿದ್ದವರ ಪಾಲನ್ನು ಹೇಳುವುದು ಬರೀ ಸೌಜನ್ಯವಲ್ಲ, ನಮ್ಮ ಪಾಲು ಎಷ್ಟೆಂದು ಸರಿಯಾಗಿ ಅಳೆಯುವ ದಾರಿಯೂ ಹೌದು.

ಈಗ ರನ್ನನ ಕುರಿತು ಬಾಕಿ ಉಳಿಸಿದ ಮಾತು. ವಿನಯವನ್ನು ನಾವು ಎಲ್ಲರಿಂದಲೂ ಒಂದೇ ಅಳತೆಯಲ್ಲಿ ಕೇಳುವುದಿಲ್ಲ. ಹಿರಿಯ ಅಧಿಕಾರಿಯೊಬ್ಬರು ತಮ್ಮ ಸಾಧನೆ ಹೇಳಿಕೊಂಡರೆ ‘ಅನುಭವ’, ಅವರ ಕಚೇರಿಯ ಜವಾನ ಹೇಳಿಕೊಂಡರೆ ‘ಕೊಬ್ಬು’. ಗಂಡಸು ಹೇಳಿದರೆ ‘ಆತ್ಮವಿಶ್ವಾಸ’, ಹೆಂಗಸು ಹೇಳಿದರೆ ‘ಬಾಯಿ ಜೋರು’. ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಎತ್ತಿನ ಜಾಗದಲ್ಲಿ ತಂದೆಯ ಹೆಗಲ ಮೇಲೆ ನೊಗವನ್ನು ಕಂಡ ಮಗ ಮುಂದೆ ಕವಿಯಾಗಿ, ಪ್ರಾಧ್ಯಾಪಕನಾಗಿ, ಶಾಸಕನಾಗಿ ಬೆಳೆದ ಕತೆಯನ್ನು ಹೇಗೆ ಹೇಳಬೇಕು? ತಗ್ಗಿದ ದನಿಯಲ್ಲಿ ಹೇಳಿದರೆ ತಲೆತಲಾಂತರದಿಂದ ಕೇಳಿಬಂದ ತಗ್ಗಿ ನಡೆಯುವ ಆಜ್ಞೆಯನ್ನು ಪಾಲಿಸಿದಂತೆ. ಎತ್ತರದ ದನಿಯಲ್ಲಿ ಹೇಳಿದರೆ ಕಿವಿ ಮುಚ್ಚಿಕೊಳ್ಳುವವರು ಸಿದ್ಧರಿದ್ದಾರೆ. ಸಿದ್ಧಲಿಂಗಯ್ಯ ನಗುತ್ತಾರೆ. ತಮ್ಮ ಪೇಚಾಟಗಳನ್ನು ಹೇಳಿ ನಮ್ಮನ್ನೂ ನಗಿಸುತ್ತಾರೆ. ಆ ನಗೆ ಯಾರ ಮುಂದೆಯೂ ಕೈಚಾಚುವುದಿಲ್ಲ. ನಗುತ್ತ ನಗುತ್ತ ನಾವು ಈ ಮನುಷ್ಯ ದಾಟಿಬಂದ ದೂರ ಎಷ್ಟೆಂದು ನಾವೇ ಲೆಕ್ಕ ಹಾಕಿ ಬೆಚ್ಚುತ್ತೇವೆ. ಲೆಕ್ಕ ಹಾಕುವುದನ್ನು ಓದುಗನಿಗೆ ಬಿಡುವ ಪಂಪನ ವಿದ್ಯೆ ಇಲ್ಲಿ ಇನ್ನೊಂದು ರೂಪದಲ್ಲಿದೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಸಂಚಿಯ ಹೊನ್ನಮ್ಮ ನೆನಪಾಗುತ್ತಾಳೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ತಾಂಬೂಲದ ಸಂಚಿ ಹಿಡಿಯುವುದು ಅವಳ ಕೆಲಸ. ‘ಹದಿಬದೆಯ ಧರ್ಮ’ ಎಂಬ ಸಾಂಗತ್ಯವನ್ನು ಬರೆದವಳು ಅದರ ಶ್ರೇಯವನ್ನು ಗುರು ಅಳಸಿಂಗರಾರ್ಯರ ಕೃಪೆಗೆ ಒಪ್ಪಿಸಿದಳು. ಕುಮಾರವ್ಯಾಸನೂ ಶ್ರೇಯವನ್ನು ಬೇರೆಯವರಿಗೆ ಒಪ್ಪಿಸಿದ್ದ. ಆದರೆ ಅವನಂತೆ ತನ್ನ ಕೈಯ ಅಗ್ಗಳಿಕೆಗಳನ್ನು ಎಣಿಸುವ ಸಲುಗೆ ಅರಮನೆಯ ಊಳಿಗದವಳಿಗೆ ಇತ್ತೇ? ಮಾಡುತ್ತಿದ್ದ ಊಳಿಗ ಹೆಸರಿನ ಮುಂದೆ ಶಾಶ್ವತವಾಗಿ ಅಂಟಿಕೊಂಡಿತು; ನಾವು ಇಂದಿಗೂ ಅವಳನ್ನು ಕರೆಯುವುದು ಕವಿ ಹೊನ್ನಮ್ಮ ಎಂದಲ್ಲ, ಸಂಚಿಯ ಹೊನ್ನಮ್ಮ ಎಂದು. ಗುರುವಿಗೆ ಸಲ್ಲಿಸಿದ ವಿನಯವನ್ನು ನಾವು ಅವಳ ಅಳತೆಯೆಂದೇ ತಿಳಿದುಬಿಟ್ಟೆವು.

ಇಲ್ಲಿಗೆ ಬಂದಾಗ ನನ್ನ ಪ್ರಶ್ನೆ ತುಸು ಬದಲಾಗುತ್ತದೆ. ಸಾಧನೆಯನ್ನು ಹೇಗೆ ಹೇಳಿಕೊಳ್ಳಬೇಕು ಎಂಬುದು ಹೇಳುವವರ ಹೊಣೆ ಮಾತ್ರವಲ್ಲ. ಅಂದು ಆ ಕೋಣೆಯಲ್ಲಿ ಸಾಹಿತ್ಯ ಓದಿದವರು ಮೂವರಿದ್ದೆವು. ಪಾಠಾಂತರ, ಧ್ವನಿ, ವ್ಯಂಗ್ಯ ಎಲ್ಲವನ್ನೂ ಕಲಿಸುವವರು. ‘ಹೊಸ ದಿಕ್ಕು ತೋರಿಸುವೆ’ ಎಂಬ ಬಣ್ಣವನ್ನು ಬಣ್ಣವೆಂದು ಗುರುತಿಸಲಿಲ್ಲ. ‘ಒಂದಷ್ಟು ಸಂಗ್ರಹ ಆಗಿದೆ’ ಎಂಬ ಮಾತಿನೊಳಗೆ ಅಡಗಿ ಕೂತವಳನ್ನು ಹೊರಗೆ ಕರೆಯಲಿಲ್ಲ. ‘ಎಷ್ಟು ಹಾಡು? ಯಾರು ಹಾಡಿದ್ದು? ಹೇಗೆ ಬರೆದುಕೊಂಡಿರಿ?’ ಎಂದು ಮೂರು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ವಿಮರ್ಶೆ ಎಂದರೆ ಮತ್ತೇನು? ಕವಿ ಹೇಳಿಕೊಂಡದ್ದನ್ನು ಕೃತಿಯ ಪಕ್ಕದಲ್ಲಿಟ್ಟು ನೋಡುವುದು. ರನ್ನನಿಗೆ ಮಾಡುವ ಆ ಕೆಲಸವನ್ನು ಎದುರಿಗೆ ಕೂತ ಹುಡುಗಿಗೆ ಮಾಡಲು ನಮಗೆ ತೋಚಲಿಲ್ಲ.

ಒಂದು ವರ್ಷದ ನಂತರ ಆಕೆ ಇನ್ನೊಂದು ಅರ್ಜಿ ಹಿಡಿದು ಮನೆಗೆ ಬಂದಳು. ‘ಸರ್, ಒಂದ್ಸಲ ನೋಡಿಕೊಡ್ತೀರಾ?’ ಮೊದಲ ಸಾಲು: ‘ನಾನು ಜನಪದ ಕ್ಷೇತ್ರದಲ್ಲಿ ಅಪಾರ ಆಸಕ್ತಿ ಹೊಂದಿದ್ದು, ಈ ನಿಟ್ಟಿನಲ್ಲಿ ಅಲ್ಪ ಸೇವೆ ಸಲ್ಲಿಸಲಾಗಿದೆ.’ ಬಣ್ಣ ಅರ್ಧ, ನಾಚಿಕೆ ಅರ್ಧ. ಅಂದು ಆದದ್ದನ್ನು ಆಕೆಗೆ ಹೇಳಿದೆ. ಅಂಕದ ಹಾಳೆಯಲ್ಲಿ ನನ್ನ ಸಹಿಯೂ ಇದ್ದದ್ದನ್ನು ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀವು ಕೇಳಿದ್ರೆ ಹೇಳ್ತಿದ್ದೆ ಸರ್’ ಎಂದಳು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಾಫಿ ಮುಗಿಸಿ ಇಬ್ಬರೂ ಕೂತು ಆ ಸಾಲನ್ನು ಹೊಡೆದುಹಾಕಿದೆವು. ಕುಮಾರವ್ಯಾಸ ತನ್ನ ಕೈಯ ಬಗ್ಗೆ ಹೇಳಿದ್ದನ್ನು ನೆನಪಿಸಿ, ‘ನಿನ್ನ ಕೈ ಏನು ಮಾಡಿತು, ಅಷ್ಟನ್ನೇ ಬರಿ’ ಎಂದೆ. ಆಕೆ ಬರೆದದ್ದು ಇದು:

‘ಮೂರು ವರ್ಷ, ಪ್ರತಿ ಬೇಸಿಗೆ ರಜೆಯಲ್ಲಿ, ನನ್ನ ಅಜ್ಜಿಯ ಊರು ಮತ್ತು ಸುತ್ತಲಿನ ಊರುಗಳ ಹೆಂಗಸರಿಂದ ಹಾಡುಗಳನ್ನು ಕೇಳಿ ಬರೆದುಕೊಂಡೆ. ಹಾಡಿದವರ ಹೆಸರನ್ನು ಪ್ರತಿ ಹಾಡಿನ ಮೇಲೆ ಬರೆದಿದ್ದೇನೆ. ಒಂದೇ ಹಾಡು ಬೇರೆ ಬೇರೆ ಮನೆಗಳಲ್ಲಿ ಹೇಗೆ ಬದಲಾಗುತ್ತದೆ ಎಂದು ಹೋಲಿಸಿದ್ದೇನೆ. ರಾಗಗಳನ್ನು ಗುರುತಿಸಲು ನನಗೆ ಬರುವುದಿಲ್ಲ, ಅದನ್ನು ಕಲಿಯಬೇಕು.’

ಒಂದು ವಿಶೇಷಣವೂ ಇರಲಿಲ್ಲ. ‘ನಾನು’ ಎಂಬ ಪದ ಒಂದು ಸಲವೂ ಬಂದಿರಲಿಲ್ಲ, ಆದರೆ ಪ್ರತಿ ವಾಕ್ಯದಲ್ಲೂ ಆಕೆ ಇದ್ದಳು. ಓದಿ ನೋಡಿ, ಸಂಕೋಚದಿಂದ ಕೇಳಿದಳು: ‘ಸರ್, ಇದು ಜಾಸ್ತಿ ಆಯ್ತಾ?’

‘ಇಲ್ಲಮ್ಮಾ,’ ಎಂದೆ. ‘ಇಷ್ಟು ನಡೆದದ್ದು.’

‘ನಡೆದದ್ದಲ್ಲ ಸರ್,’ ಎಂದು ಆಕೆ ನಕ್ಕಳು. ‘ಮಾಡಿದ್ದು.’